ನನ್ನ ತಮ್ಮ ಫಕೀರಪ್ಪ ಗಿಡ್ಡನಾದದ್ದು

ಫಕೀರಪ್ಪನೆಂದರೆ ಹುಲಿ, ಫಕೀರಪ್ಪನೆಂದರೆ ಸಿಡಿಲು ಎಂದು ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಹೇಳಿಕೊಡಲಿ, ನನ್ನದೇನೂ ತಕರಾರಿಲ್ಲ. ಆದರೆ ಅವನ ಕುಂಡಿ ತೊಳೆದು ದೊಡ್ಡವನನ್ನಾಗಿ ಮಾಡಿದವಳು ನಾನು. ಹುಲಿಗೆ ಹೊಟ್ಟೆ ಕೆಟ್ಟಾಗ ಓಮಿನ ಕಾಳು ಅರೆದು ಕುಡಿಸಿದವಳು ನಾನು. ಸಿಡಿಲಿಗೆ ಹಲ್ಲಿ ಕಂಡರೆ ಕೈಕಾಲು ನಡುಗುತ್ತವೆಂದು ಗೊತ್ತಿದ್ದವಳೂ ನಾನೊಬ್ಬಳೇ. ಆದ್ದರಿಂದ ಅವನ ವಿಚಾರ ಹೇಳುವ ಹಕ್ಕು ಉಳಿದವರಿಗಿಂತ ನನಗೆ ತುಸು ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ನನ್ನ ಹೆಸರು ಕಾಶವ್ವ. ದಂಡಿನ ಪೇಟೆಯಲ್ಲಿ, ಸಿಪಾಯಿಗಳ ಲೈನಿಗೆ ಎದುರಾಗಿ ನನ್ನದೊಂದು ಖಾನಾವಳಿ. ಅಪ್ಪ ಅವ್ವ ಒಂದೇ ವರ್ಷದಲ್ಲಿ ಬೆನ್ನುಬೆನ್ನಿಗೆ ಹೋದ ಮೇಲೆ ಆ ಖಾನಾವಳಿಯ ಒಲೆ ಮತ್ತು ತಮ್ಮ ಎರಡೂ ನನ್ನ ಪಾಲಿಗೆ ಬಂದವು. ಒಲೆ ಹೇಳಿದ ಹಾಗೆ ಕೇಳುತ್ತಿತ್ತು.

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಗಮನಿಸುವುದು ನಾವು ಮಾತಾಡುವ ರೀತಿಯನ್ನು. 'ನೀರು ಕೊಡು' ಎಂದು ಇಲ್ಲಿ ಯಾರೂ ಅನ್ನುವುದಿಲ್ಲ. 'ಭಾಳ ನೀರಡಿಕಿ ಆಗೈತಿ ನೋಡ್ರಿ' ಎಂದು ಸುಮ್ಮನೆ ಮುಗಿಲು ನೋಡುತ್ತಾರೆ. ಕೊಡು ಎಂದು, ಎದುರಿನವರು ಕೊಟ್ಟೂಬಿಟ್ಟರೆ, ಅಂದವರು ಕೂದಲೆಳೆಯಷ್ಟು ಗಿಡ್ಡಗಾಗುತ್ತಾರೆ. ಮಾತು ನಡೆಯದಿದ್ದರೆ ಏನೂ ಆಗುವುದಿಲ್ಲ. ಹೇಳಿದ್ದು ನಡೆದರೆ ಮಾತ್ರ ಎತ್ತರ ಕಳೆದುಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಹಾಗಾಗಿ ವರ ನೋಡಲು ಹೋದವರು ಹುಡುಗನ ತಲೆ ಗೋಡೆಯ ಯಾವ ಮೊಳೆಗೆ ಸಮ ಬರುತ್ತದೆಂದು ಓರೆಗಣ್ಣಿನಲ್ಲಿ ಅಳೆಯುತ್ತಿದ್ದರು. ಗಿಡ್ಡಗಿದ್ದಷ್ಟೂ ಮಾತು ನಡೆಯುವ ಮನುಷ್ಯ. ಹುಟ್ಟಾ ಗಿಡ್ಡಗಿದ್ದವರು ಪುಕ್ಕಟೆ ಗೌರವ ಹೊಡೆದುಕೊಳ್ಳುತ್ತಿದ್ದರು. ತಾಳೆಮರದಂಥವನು ಬೀದಿಯಲ್ಲಿ ಹೋದರೆ, 'ಪಾಪ, ಮನ್ಯಾಗ ಬೆಕ್ಕೂ ಕೇಳಂಗಿಲ್ಲ ಕಾಣತೈತಿ' ಎಂದು ಹೆಂಗಸರು ನಗುತ್ತಿದ್ದರು.

ಲೈನಿನಲ್ಲಂತೂ ಹುದ್ದೆ ಕೇಳಬೇಕಾಗಿಯೇ ಇರಲಿಲ್ಲ. ಸಿಪಾಯಿಗಳು ಎತ್ತರ. ಹವಾಲ್ದಾರರು ಅವರ ಕಿವಿಗೆ ಬರುತ್ತಿದ್ದರು, ಕ್ಯಾಪ್ಟನ್‌ಗಳು ಎದೆಗೆ. ಸೇನಾಪತಿ ಸಾಹೇಬರನ್ನು ಕುದುರೆ ಮೇಲೆ ಎತ್ತಿ ಕೂರಿಸಲು ಇಬ್ಬರು ಇದ್ದರು. ಎಲ್ಲರ ಮೇಲೆ ದೊರೆ. ದೊರೆಯನ್ನು ಹಿತ್ತಾಳೆಯ ಹರಿವಾಣದಲ್ಲಿ ಮಖಮಲ್ಲು ಹಾಸಿ, ಅದರ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದರು. ಆತನದು ಮೀಸೆ ಮಾತ್ರ ಪೂರ್ತಿ ಅಳತೆಯದು. ದೂರದಿಂದ ನೋಡಿದವರಿಗೆ ಹರಿವಾಣದಲ್ಲಿ ಬರೇ ಮೀಸೆ ಬಂದ ಹಾಗೆ ಕಾಣುತ್ತಿತ್ತು. ನಾವೆಲ್ಲ ಕೈಮುಗಿಯುತ್ತಿದ್ದೆವು.

ಫಕೀರಪ್ಪ ಮೀಸೆ ಚಿಗುರುವ ವಯಸ್ಸಿಗೆ ನಮ್ಮ ಮನೆಯ ಬಾಗಿಲವಾಡಕ್ಕೆ ಹಣೆ ಬಡಿಸಿಕೊಳ್ಳುವಷ್ಟು ಬೆಳೆದು ನಿಂತ. ಒಂದು ದಿನ ಒಲೆಯ ಹತ್ತಿರ ಬಂದು, 'ಅಕ್ಕಾ, ನಾ ದಂಡಿಗೆ ಸೇರ್ತೀನಿ' ಎಂದ.

'ಹಲ್ಲಿಗೆ ಹೆದರಾಂವ ದಂಡಿಗೆ ಹೋಗಿ ಏನ್ ಮಾಡ್ತೀಯೋ?' ಎಂದೆ.

'ದಂಡಿನ್ಯಾಗ ಹಲ್ಲಿ ಇರಂಗಿಲ್ಲ' ಎಂದ. ಪೂರ್ತಿ ವಿಚಾರ ಮಾಡಿಯೇ ಬಂದಿದ್ದ.

ಸೇರಿದ. ದನಿ ದೊಡ್ಡದಿತ್ತು, ಬೂಟು ಹೊಳೆಯುವಂತೆ ಇಟ್ಟುಕೊಳ್ಳುತ್ತಿದ್ದ, ಮೇಲಿನವರ ಮಾತಿಗೆ ತಿರುಗಿ ಮಾತಾಡುತ್ತಿರಲಿಲ್ಲ. ನಾಲ್ಕಾರು ವರ್ಷಕ್ಕೆ ಕ್ಯಾಪ್ಟನ್ ಆದ. ಹಬ್ಬಕ್ಕೆ ಮನೆಗೆ ಬಂದಾಗ ಅವನ ಪ್ಯಾಂಟಿನ ತುದಿಯನ್ನು ನಾನೇ ಮಡಚಿ ಹೊಲಿದೆ. ಓಣಿಯ ಹೆಂಗಸರು ಆ ಮಡಿಕೆ ನೋಡಲು ಬಂದರು. ಒಬ್ಬಳು ಮುಟ್ಟಿ ನೋಡಿ, 'ಈ ವಯಸ್ಸಿಗೇ ಇಷ್ಟು!' ಎಂದು ಗಲ್ಲಕ್ಕೆ ಕೈ ಹಚ್ಚಿದಳು. ಫಕೀರಪ್ಪ ಜಗುಲಿಯ ಮೇಲೆ ಕಾಲು ಚಾಚಿ ಕೂತು ಎಲ್ಲರಿಗೂ ಕಾಣುವಂತೆ ಅಲ್ಲಾಡಿಸುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ನೋಡಿದ್ದರೆ ಯಾವ ಪಾಠದ ಪುಸ್ತಕದವರೂ ಹುಲಿ ಎಂದು ಬರೆಯುತ್ತಿರಲಿಲ್ಲ.

ಅವನ ತುಕಡಿಯಲ್ಲಿ ಯಮನಪ್ಪ ಎಂಬ ಹವಾಲ್ದಾರನಿದ್ದ. ಅಂಥ ಹೆಸರಿಟ್ಟುಕೊಂಡು ಅಷ್ಟು ಮೆತ್ತಗಿನ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ದಿನಾ ನನ್ನ ಖಾನಾವಳಿಗೆ ಊಟಕ್ಕೆ ಬರುತ್ತಿದ್ದ. ಝುಣಕ ಇನ್ನಷ್ಟು ಬೇಕಾದರೂ ಕೇಳುತ್ತಿರಲಿಲ್ಲ, ತಟ್ಟೆಯ ಕಡೆ ನೋಡಿ 'ಇವತ್ತ ಝುಣಕ ಭಾಳ ಛಲೋ ಆಗೈತಿ, ಕಾಶಕ್ಕಾ' ಎನ್ನುತ್ತಿದ್ದ. ನಾನು ಹಾಕುತ್ತಿದ್ದೆ. ಕುದುರೆಗೂ ಅವನು ಹುಕುಂ ಮಾಡಿದವನಲ್ಲ. ಬೆಳಿಗ್ಗೆ ಸಿಪಾಯಿಗಳ ಮುಂದೆ ನಿಂತು, 'ಒಂದೀಟು ಕವಾಯತು ಮಾಡಿದ್ರ ಹೆಂಗಪಾ?' ಎಂದು ಕೇಳುತ್ತಿದ್ದ. ಅವರು ಹ್ಞೂಂ ಎಂದು ಮಾಡುತ್ತಿದ್ದರು. ಹಾಗಾಗಿ ಹವಾಲ್ದಾರನಾಗಿಯೂ ಯಮನಪ್ಪ ಇಡೀ ದಂಡಿಗೆ ಎತ್ತರದ ಆಳಾಗಿದ್ದ, ಮೇಲಿನವರು ಅವನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಫಕೀರಪ್ಪನಿಗೆ ಮಾತ್ರ ಅವನ ಮೇಲೆ ಜೀವ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ಬಾಗಿಲಿನ ಹುಕುಂ ಬಂತು. ದೊರೆಯ ಹರಿವಾಣ ಪೇಟೆಯಲ್ಲಿ ಹೋಗುತ್ತಿದ್ದಾಗ ಜನ ತಮ್ಮ ತಮ್ಮ ಬಾಗಿಲಲ್ಲಿ ನೆಟ್ಟಗೆ ನಿಂತು ಕೆಳಗೆ ನೋಡಿ ಕೈಮುಗಿದರಂತೆ. ಕೈಮುಗಿದದ್ದು ಸರಿ, ಕೆಳಗೆ ಯಾಕೆ ನೋಡಿದರು ಎಂದು ದೊರೆಗೆ ಸಿಟ್ಟು. ಊರಿನ ಎಲ್ಲ ಬಾಗಿಲುಗಳೂ ಇನ್ನು ಮೇಲೆ ಸೊಂಟದೆತ್ತರ ಇರತಕ್ಕದ್ದು ಎಂದು ಡಂಗುರ ಸಾರಿಸಿದ. ಬಡಿಗರು ಬಂದು ಬಾಗಿಲುಗಳ ಮೇಲಿನ ಅರ್ಧಕ್ಕೆ ಹಲಗೆ ಹೊಡೆದು ಹೋದರು. ನಾವು ಹೊಂದಿಕೊಂಡೆವು. ಹೊಂದಿಕೊಳ್ಳುವುದರಲ್ಲಿ ನಮ್ಮೂರವರನ್ನು ಮೀರಿಸುವವರಿಲ್ಲ. ಕೊಡ ಹೊತ್ತ ಹೆಂಗಸರು ಮೊದಲು ಕೊಡ ಒಳಗೆ ನೂಕಿ ಆಮೇಲೆ ತಾವು ತೆವಳುತ್ತಿದ್ದರು. ಮದುಮಕ್ಕಳು ಅಂಬೆಗಾಲಿಟ್ಟು ಮನೆ ತುಂಬುತ್ತಿದ್ದರು. ನನ್ನಲ್ಲಿ ಊಟಕ್ಕೆ ಬಂದ ಸಿಪಾಯಿಗಳು ಖಾಲಿ ಹೊಟ್ಟೆಯಲ್ಲಿ ಸಲೀಸಾಗಿ ನುಸುಳಿ ಬಂದು, ತುಂಬಿದ ಹೊಟ್ಟೆಯಲ್ಲಿ ಹೊರಗೆ ಹೋಗಲು ಒದ್ದಾಡುತ್ತಿದ್ದರು. ಹಿಂದಿನಿಂದ ನೂಕುವ ಕೆಲಸವೂ ನನ್ನದೇ.

ನೇಕಾರರ ಓಣಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಊರಿಗೆಲ್ಲ ಸೂಲಗಿತ್ತಿಯಾಗಿದ್ದವಳು, ಫಕೀರಪ್ಪನನ್ನೂ ಅವಳೇ ಹಿಡಿದದ್ದು. ಕೂರಿಸಿ ಹೂವಿನಿಂದ ಸಿಂಗರಿಸಿ ಒಯ್ಯಬೇಕಾದ ಹೆಣ ಆ ಬಾಗಿಲಲ್ಲಿ ಹಾಯಲಿಲ್ಲ. ಮಲಗಿಸಿ, ಕಾಲು ಹಿಡಿದು, ನೆಲದ ಮೇಲೆ ಎಳೆದು ಹೊರಗೆ ತರಬೇಕಾಯಿತು. ಎಳೆಯುವಾಗ ಹೊಸ್ತಿಲಿಗೆ ಅವಳ ತಲೆ ಬಡಿಯಿತು. ಆ ಸದ್ದು ಓಣಿಗೆಲ್ಲ ಕೇಳಿತು. ಮಣ್ಣು ಮಾಡಿ ಬಂದ ಜನ ಕೊಡಲಿ ತಂದು ಓಣಿಯ ಎಲ್ಲ ಬಾಗಿಲುಗಳ ಹಲಗೆ ಒಡೆದುಹಾಕಿದರು.

ಮಾರನೆಯ ದಿನ ದೊರೆ ತುಕಡಿ ಕಳಿಸಿದ. ತುಕಡಿಯ ಮುಂದೆ ಫಕೀರಪ್ಪ, ಹಿಂದೆ ಹರಿವಾಣದಲ್ಲಿ ದೊರೆ. ಸುದ್ದಿ ಕೇಳಿ ನಾನು ಸೌಟು ಕೈಯಲ್ಲಿದ್ದ ಹಾಗೇ ಓಡಿದೆ. ಓಣಿಯ ಹೆಂಗಸರು ಒಡೆದ ಬಾಗಿಲುಗಳಲ್ಲಿ ನೆಟ್ಟಗೆ ನಿಂತಿದ್ದರು. ನಾನೂ ಒಂದು ಬಾಗಿಲಲ್ಲಿ ಹೋಗಿ ನಿಂತೆ. ಧೈರ್ಯದಿಂದಲ್ಲ, ಓಡಿ ಬಂದು ಏದುಸಿರು ಹತ್ತಿತ್ತು.

'ಕ್ಯಾಪ್ಟನ್, ಗುಂಡು ಹಾರಿಸಾಕ ಹೇಳು' ಎಂದು ಹರಿವಾಣದಿಂದ ದನಿ ಬಂತು.

ಸಿಪಾಯಿಗಳು ಬಂದೂಕು ಎತ್ತಿ ಹಿಡಿದಿದ್ದರು. ಫಕೀರಪ್ಪ ಬಾಯಿ ತೆರೆದ. ನನ್ನನ್ನು ನೋಡಿದ. ಬಾಯಿ ತೆರೆದದ್ದು ಹಾಗೇ ಉಳಿಯಿತು. ಆಗ ಸಾಲಿನ ತುದಿಯಲ್ಲಿದ್ದ ಯಮನಪ್ಪ ತನ್ನ ಬಂದೂಕು ಕೆಳಗಿಳಿಸಿ, ಝುಣಕ ಕೇಳುವ ದನಿಯಲ್ಲೇ, 'ಸಾಹೇಬ್ರ, ನೀವು ಹೇಳಬ್ಯಾಡ್ರಿ. ಹೇಳಿದ್ರ ನಾವು ಕೇಳಬೇಕಾಗ್ತೈತಿ' ಎಂದ.

ಫಕೀರಪ್ಪ ಟೊಪ್ಪಿಗೆ ತೆಗೆದ. 'ನಾ ಹೇಳಂಗಿಲ್ಲ' ಎಂದ.

ಕ್ರಾಂತಿ ಎಂದರೆ ಇಷ್ಟೇ. ಶಾಲೆಯ ಪುಸ್ತಕದಲ್ಲಿ ಆಗ ಅವನು ಮಾಡಿದ ಭಾಷಣ ಪುಟಗಟ್ಟಲೆ ಇದೆ. ನಾನು ಅಲ್ಲೇ ಇದ್ದೆ. ಅವನಿಗೆ ಬಿಕ್ಕಳಿಕೆ ಹತ್ತಿತ್ತು, ನೇಕಾರರ ಹೆಂಗಸೊಬ್ಬಳು ನೀರು ಕೊಟ್ಟಳು. ದೊರೆ ಹರಿವಾಣದಲ್ಲಿ ಎದ್ದು ನಿಂತು ಹಾರಿಸು, ಹಿಡಿ, ಕೊಲ್ಲು ಎಂದು ಕಿರುಚುತ್ತಿದ್ದ. ಯಾರೂ ಕೇಳಲಿಲ್ಲ. ಹರಿವಾಣ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅದನ್ನು ನಿಧಾನಕ್ಕೆ ರಸ್ತೆಯ ಮಧ್ಯೆ ಇಳಿಸಿ, ಕೈ ಒರೆಸಿಕೊಂಡು ಮನೆಗೆ ಹೋದರು. ಜನ ಫಕೀರಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾ ಹೋದರು. ದೊರೆಯ ನೆನಪು ಯಾರಿಗೂ ಇರಲಿಲ್ಲ. ನಾಯಿಯೊಂದು ಹರಿವಾಣ ಮೂಸುತ್ತಿತ್ತು. ನಾನೇ ಎತ್ತಿಕೊಂಡು ಬಂದು ಎರಡು ತುತ್ತು ಅನ್ನ ಸಾರು ಹಾಕಿದೆ. ಉಪ್ಪು ಕಡಿಮೆ ಎಂದ. ಮಾರನೆಯ ದಿನ ಬುಟ್ಟಿಯಲ್ಲಿಟ್ಟು ಅವನ ಮಾವನ ಊರಿಗೆ ಚಕ್ಕಡಿ ಹತ್ತಿಸಿ ಕಳಿಸಿದರು.

ಫಕೀರಪ್ಪ ಊರಿನ ಮುಖ್ಯಸ್ಥನಾದ. ಚಾವಡಿಯ ಕಟ್ಟೆಯ ಮೇಲೆ ನಿಂತು, ಈ ಊರಿನಲ್ಲಿ ಇನ್ನು ಹುಕುಂ ಇಲ್ಲ, ವಿನಂತಿ ಮಾತ್ರ ಎಂದು ಸಾರಿದ. ಜನ ಚಪ್ಪಾಳೆ ಹೊಡೆದರು. ಮಾರನೆಯ ದಿನದಿಂದ ಊರು ಗಬ್ಬು ನಾರತೊಡಗಿತು. ದಯವಿಟ್ಟು ಗಟಾರಕ್ಕೆ ಕಸ ಚೆಲ್ಲದಿರೋಣವೇ ಎಂದು ಗೋಡೆಗೆ ಬರೆಸಿದ. ಜನ ಓದಿ, ಅಕ್ಷರ ಚಂದ ಇದೆ ಎಂದು ಮೆಚ್ಚಿ, ಕಸ ಚೆಲ್ಲಿದರು. ಕೂಡುರಸ್ತೆಯಲ್ಲಿ ಚಕ್ಕಡಿಗಳು ಎದುರುಬದುರು ನಿಂತು, 'ನೀವು ಮುಂದ ಹೋದ್ರ ಛಲೋ ಇತ್ತು', 'ಇಲ್ಲ, ನೀವು ಹಿಂದ ಸರಿದ್ರ ಛಲೋ ಇತ್ತು' ಎಂದು ಊಟದ ಹೊತ್ತಿನ ತನಕ ಮರ್ಯಾದೆ ಮಾಡುತ್ತಿದ್ದವು. ಸಂತೆ ಬೀದಿಯಲ್ಲಿ ಎಮ್ಮೆಯೊಂದು ಸತ್ತು ಬಿತ್ತು. ಯಾರಾದರೂ ಎತ್ತಿದರೆ ಒಳ್ಳೆಯದು ಎಂದು ವಿನಂತಿ ಹೊರಡಿಸಿದ. ಎತ್ತಿದರೆ ಒಳ್ಳೆಯದೇ ಎಂದು ಎಲ್ಲರೂ ಒಪ್ಪಿದರು. ಕೊನೆಗೆ ಮುಖ್ಯಸ್ಥ ಫಕೀರಪ್ಪ ಮತ್ತು ಯಮನಪ್ಪ ಇಬ್ಬರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದರ ಕಾಲಿಗೆ ಹಗ್ಗ ಹಾಕಿ ಊರಾಚೆ ಎಳೆದುಕೊಂಡು ಹೋದರು. ಸಂಜೆ ನನ್ನಲ್ಲಿಗೆ ಬಂದಾಗ ಅವನ ಮೈ ನಾರುತ್ತಿತ್ತು. ಹಿತ್ತಲಲ್ಲಿ ಬಿಸಿನೀರು ತೋಡಿಕೊಟ್ಟೆ. ನನಗೆ ಅವತ್ತು ಅವನ ಮೇಲೆ ಬಂದಷ್ಟು ಅಭಿಮಾನ ಕ್ರಾಂತಿಯ ದಿನವೂ ಬಂದಿರಲಿಲ್ಲ. ಹೇಳಲಿಲ್ಲ, ಹೇಳಿದರೆ ತಲೆಗೆ ಏರುತ್ತದೆ.

ಆ ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಕೆರೆಯ ನೀರು ಕೆಟ್ಟಿದೆ, ಕುಡಿಯದಿದ್ದರೆ ಒಳ್ಳೆಯದು, ನದಿಯಿಂದ ತಂದು ಕಾಸಿ ಕುಡಿದರೆ ಇನ್ನೂ ಒಳ್ಳೆಯದು ಎಂದು ಫಕೀರಪ್ಪ ಮನೆಮನೆಗೆ ಹೋಗಿ ಕೈಮುಗಿದ. ನೋಡೋಣ, ವಿಚಾರ ಮಾಡೋಣ ಎಂದರು. ನದಿ ದೂರ, ಕೆರೆ ಹತ್ತಿರ. ಮೊದಲು ಕುಂಬಾರ ಓಣಿಯಲ್ಲಿ ಕೂಸುಗಳು ಹೋದವು. ಆಮೇಲೆ ಕೂಸಿನ ತಾಯಂದಿರು. ಒಂದು ಮಧ್ಯಾಹ್ನ ನಾನು ಕೆರೆಯ ದಂಡೆಯಲ್ಲಿದ್ದೆ. ಮೂರು ಕೂಸು ಕಳೆದುಕೊಂಡವಳೊಬ್ಬಳು ಉಳಿದ ಒಂದನ್ನು ಸೊಂಟದ ಮೇಲೆ ಕೂರಿಸಿಕೊಂಡು ಅದೇ ನೀರಿಗೆ ಕೊಡ ಅದ್ದುತ್ತಿದ್ದಳು. ಫಕೀರಪ್ಪ ದಂಡೆಯ ಮೇಲೆ ನಿಂತು ಅವಳನ್ನು ನೋಡುತ್ತಿದ್ದ. ಅವನ ಕುತ್ತಿಗೆಯ ನರ ಉಬ್ಬಿತು.

'ಕೊಡಾ ಕೆಳಗಿಡು!' ಎಂದು ಒದರಿದ. 'ಈ ಕೆರೀ ನೀರ ಯಾರೂ ಮುಟ್ಟಬಾರದು. ನದೀ ನೀರ ತಂದು, ಕಾಸಿ ಕುಡೀರಿ. ಇದು ವಿನಂತಿ ಅಲ್ಲ, ಹುಕುಂ!'

ಅವಳು ಕೊಡ ಕೆಳಗಿಟ್ಟಳು. ದಂಡೆಯ ಮೇಲಿದ್ದವರೆಲ್ಲ ಇಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರಾದರೂ ಹೀಗೆ ಹೇಳಲೆಂದೇ ಕಾದಿದ್ದವರ ಹಾಗೆ ಉಸಿರುಬಿಟ್ಟರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಹುಕುಂ ಪಾಲಿಸಿತು. ಫಕೀರಪ್ಪ ನಮ್ಮ ಕಣ್ಣೆದುರಿಗೇ ಇಳಿಯುತ್ತಾ ಹೋದ. ಟೊಪ್ಪಿಗೆ ಕಣ್ಣಿನ ಮೇಲೆ ಬಂತು, ಸೊಂಟದ ಪಟ್ಟಿ ಜಾರಿ ಕಾಲಲ್ಲಿ ಬಿತ್ತು. ಒಂದು ಗೇಣು ಪೂರ್ತಿ ಹೋಗಿತ್ತು. ಜನ ಜೈಕಾರ ಹಾಕಿದರು. ವಾರದೊಳಗೆ ರೋಗ ನಿಂತಿತು. ಸೊಂಟದ ಮೇಲಿದ್ದ ಆ ಕೂಸು ಉಳಿಯಿತು. ಅವತ್ತು ಅವನು ಮಾಡಿದ್ದು ಸರಿ ಎಂದು ಈಗಲೂ ನನ್ನ ಮಾತು.

ಆದರೆ ಬೆಲ್ಲದ ರುಚಿ ಕಂಡ ಇರುವೆ ಡಬ್ಬಿ ಬಿಟ್ಟು ಹೋಗುವುದಿಲ್ಲ. ಆಸ್ಪತ್ರೆ ಕಟ್ಟಲು ಹುಕುಂ ಆಯಿತು, ಕಟ್ಟಿದರು. ಶಾಲೆಗೆ ಹುಕುಂ ಆಯಿತು, ಕಟ್ಟಿದರು. ಗಟಾರ ತೋಡಿಸಿದ, ಸೇತುವೆ ಹಾಕಿಸಿದ. ಒಳ್ಳೆಯ ಕೆಲಸಗಳೇ. ಅವು ಮುಗಿದ ಮೇಲೂ ಬಾಯಿ ನಿಲ್ಲಲಿಲ್ಲ. ಮೀಸೆಯ ತುದಿ ಮೇಲಕ್ಕೆ ತಿರುವಿರತಕ್ಕದ್ದು ಎಂದ. ಸಂಜೆ ಕಹಳೆ ಊದಿದಾಗ ಎಲ್ಲರೂ ನಿಂತಲ್ಲೇ ನಿಲ್ಲತಕ್ಕದ್ದು ಎಂದ. ಉಳ್ಳಾಗಡ್ಡಿಯನ್ನು ಅಡ್ಡ ಹೆಚ್ಚಬೇಕೇ ಹೊರತು ಉದ್ದ ಹೆಚ್ಚಬಾರದು ಎಂದೂ ಒಂದು ಹುಕುಂ ಬಂತು. ಇಂಥ ಹುಕುಮುಗಳಿಗೆ ಬೈಯುತ್ತಿದ್ದ ನನ್ನ ಮೇಲಿನ ಸಿಟ್ಟಿಗೆ ಅದು ಎಂದು ನನಗೆ ಗೊತ್ತಿತ್ತು, ಉದ್ದವೇ ಹೆಚ್ಚಿದೆ. ಅವನು ನನ್ನ ಸೊಂಟಕ್ಕಿಳಿದ, ಸೊಂಟದಿಂದ ಇನ್ನೂ ಕೆಳಗಿಳಿದ. ಊರಿನವರಿಗೆ ಹೆಮ್ಮೆಯೋ ಹೆಮ್ಮೆ. 'ನಮ್ಮ ಫಕೀರಪ್ಪಗ ಹೋಲಿಸಿದ್ರ ಹಳೇ ದೊರೀ ಆನಿ ಇದ್ದಂಗಿದ್ದ' ಎಂದು ಹೊರಗಿನಿಂದ ಬಂದವರಿಗೆ ಹೇಳುತ್ತಿದ್ದರು. ಅದು ಸುಳ್ಳು, ದೊರೆ ಇನ್ನೂ ಚಿಕ್ಕವನಿದ್ದ. ಚಾವಡಿಯ ಅಧಿಕಾರಿಗಳು ಮುಖ್ಯಸ್ಥರ ಎದುರಿಗೆ ಮಂಡಿಯ ಮೇಲೆ ನಡೆಯಲು ಕಲಿತರು. ಇದನ್ನು ಮಾಡಲು ಯಾರೂ ಅವರಿಗೆ ಹುಕುಂ ಮಾಡಿರಲಿಲ್ಲ.

ಯಮನಪ್ಪ ಯಾವ ಹುದ್ದೆಯನ್ನೂ ತೆಗೆದುಕೊಂಡಿರಲಿಲ್ಲ. ಲೈನಿನಲ್ಲೇ ಕುದುರೆ ನೋಡಿಕೊಂಡಿದ್ದ. ಒಂದು ಸಂತೆಯ ದಿನ ಅವನು ಚಾವಡಿಯ ಕಟ್ಟೆ ಹತ್ತಿ, ಎಲ್ಲರಿಗೂ ಕೇಳುವಂತೆ, 'ಸಾಹೇಬ್ರ, ಸಾಕು ಅನಸ್ತೈತಿ. ಇನ್ನ ಬ್ಯಾರೇದವರು ಒಂದೀಟು ಗಿಡ್ಡಾಗಲಿ. ಜನರನ್ನ ಕೇಳಿ ನೋಡೋಣೇನ್ರಿ?' ಎಂದ. ಅಷ್ಟೇ ಅಂದದ್ದು. ಸಂತೆಯಲ್ಲಿ ಯಾರೋ ಹೌದು ಎಂದರು. ಫಕೀರಪ್ಪನ ಮುಖ ಕೆಂಪಾಯಿತು. ಯಮನಪ್ಪನನ್ನು ಹಿಡಿದು ಸೆರೆಮನೆಗೆ ಹಾಕಿರಿ ಎಂದು ಡಂಗುರ ಬಾರಿಸಿ ಊರಿಗೆಲ್ಲ ಹುಕುಂ ಕೊಟ್ಟ.

ಯಮನಪ್ಪ ನೆಟ್ಟಗೆ ನನ್ನ ಅಡಿಗೆಮನೆಗೆ ಬಂದು ಹಿಟ್ಟಿನ ಗಡಿಗೆಗಳ ಹಿಂದೆ ಕೂತ. ಅವನಂಥ ಎತ್ತರದವನು ಗಡಿಗೆಗಳ ಹಿಂದೆ ಅಡಗುವುದೆಂದರೆ ಒಂಟೆ ಬುಟ್ಟಿಯಲ್ಲಿ ಕೂತ ಹಾಗೆ. ಸ್ವಲ್ಪ ಹೊತ್ತಿಗೆ ಸಿಪಾಯಿಗಳು ಬಂದರು, ಅವರಲ್ಲೊಬ್ಬನ ಹೆಗಲ ಮೇಲೆ ನನ್ನ ತಮ್ಮ. ಬಾಗಿಲಲ್ಲಿ ನಾನು ನಿಂತಿದ್ದೆ.

'ಅಕ್ಕಾ, ಬಾಜೂಕ ಸರಿ.'

'ಸರಿಯಂಗಿಲ್ಲ.'

'ಮುಖ್ಯಸ್ಥ ಹೇಳಾಕತ್ತೀನಿ.'

'ಮುಖ್ಯಸ್ಥ ಇದ್ರ ಚಾವಡ್ಯಾಗ ಇರು. ಇದು ನನ್ನ ಒಲಿ. ಒಂದ ತಟ್ಟ್ಯಾಗ ಉಂಡಾಂವನ್ನ ಹಿಡ್ಯಾಕ ಬಂದೀಯಲ್ಲೋ, ನಾಚಿಕಿ ಬರಂಗಿಲ್ಲೇನು ನಿನಗ?'

ಅವನು ಸಿಪಾಯಿಗಳ ಕಡೆ ತಿರುಗಿದ. ದಿನಾ ನನ್ನ ಕೈಯ ರೊಟ್ಟಿ ತಿನ್ನುವ ಹುಡುಗರು ಅವರು, ನೆಲ ನೋಡುತ್ತಿದ್ದರು. ಫಕೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಗಡಿಗೆಗಳು ಸದ್ದಾದವು. ಯಮನಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡು ಎದ್ದು ಬಂದ.

'ನೀವು ಹುಕುಂ ಮಾಡಬ್ಯಾಡ್ರಿ, ಸಾಹೇಬ್ರ' ಎಂದ. 'ನಾನ ಬರ್ತೀನಿ. ಮೊದಲೇ ಇಷ್ಟ ಉಳದೀರಿ. ಇನ್ನ ಕೂದಲೆಳೀನೂ ತುಟ್ಟಿ ನಿಮಗ.'

ಹೀಗೆ ಹೇಳಿ ತಾನೇ ಮುಂದೆ ನಡೆದು ಸೆರೆಮನೆಗೆ ಹೋದ. ದಾರಿ ಗೊತ್ತಿಲ್ಲದ ಹೊಸ ಸಿಪಾಯಿಗೆ ದಾರಿಯನ್ನೂ ತೋರಿಸಿದನಂತೆ. ನಾನು ತಮ್ಮನ ಮುಖದ ಮೇಲೆ ಬಾಗಿಲು ಹಾಕಿದೆ. 'ಈ ಮನ್ಯಾಗ ನಿನಗಿನ್ನ ತುತ್ತು ಅನ್ನ ಇಲ್ಲ' ಎಂದು ಒಳಗಿನಿಂದಲೇ ಕೂಗಿ ಹೇಳಿದೆ. ಆಮೇಲೆ ಒಲೆಯ ಮುಂದೆ ಕೂತು ಅತ್ತೆ. ಹೊಗೆಯಿಂದ ಎಂದು ಕೆಲಸದವಳಿಗೆ ಹೇಳಿದೆ.

ದಿನಾ ಮಧ್ಯಾಹ್ನ ಸೆರೆಮನೆಗೆ ಯಮನಪ್ಪನಿಗೆ ರೊಟ್ಟಿ ಒಯ್ಯುತ್ತಿದ್ದೆ. ಸೆರೆಮನೆ ಆಗ ತುಂಬಿಹೋಗಿತ್ತು. ಮೀಸೆಯ ತುದಿ ಕೆಳಗೆ ಬಿಟ್ಟವರು, ಕಹಳೆ ಊದಿದಾಗ ಸೀನಿದವರು, ಉಳ್ಳಾಗಡ್ಡಿ ಉದ್ದ ಹೆಚ್ಚಿದ ಒಂದಿಬ್ಬರು ಬಡಪಾಯಿಗಳು ಅಲ್ಲಿದ್ದರು. ಮೊದಮೊದಲು ಯಮನಪ್ಪನಿಗೆ ಎರಡು ರೊಟ್ಟಿ ಸಾಕಾಗುತ್ತಿತ್ತು. ಬರಬರುತ್ತಾ, 'ಕಾಶಕ್ಕಾ, ಜೈಲಿನ ಹವಾಕ್ಕ ಹಸಿವಿ ಭಾಳ ಆಗತೈತಿ' ಎನ್ನತೊಡಗಿದ. ಮೂರು ಒಯ್ದೆ, ನಾಲ್ಕು ಒಯ್ದೆ. ಅಗಸಿ ಚಟ್ನಿ ಇದ್ದರೆ ಒಳ್ಳೆಯದಿತ್ತು ಎಂದ. ಯಮನಪ್ಪ ಅಗಸಿ ಚಟ್ನಿ ಮುಟ್ಟಿದವನೇ ಅಲ್ಲ. ಅದನ್ನು ಸಾಯುವಷ್ಟು ಇಷ್ಟಪಡುವವನು ಬೇರೆ ಒಬ್ಬನಿದ್ದ.

ಒಂದು ದಿನ ರೊಟ್ಟಿ ಕೊಟ್ಟು ಹೋದವಳ ಹಾಗೆ ಮಾಡಿ ತಿರುಗಿ ಬಂದೆ. ಯಮನಪ್ಪನ ಕಂಬಳಿಯ ಹಿಂದೆ ಊರಿನ ಮುಖ್ಯಸ್ಥ ಕೂತು, ಮೀಸೆಗೆಲ್ಲ ಚಟ್ನಿ ಮೆತ್ತಿಕೊಂಡು, ರೊಟ್ಟಿ ಮುರಿಯುತ್ತಿದ್ದ. ಆಗ ಅವನು ನನ್ನ ಮೊಣಕಾಲಿಗೆ ಬರುತ್ತಿದ್ದ. ಸರಳುಗಳ ನಡುವೆ ನುಸುಳಿ ದಿನಾ ಅಲ್ಲಿಗೆ ಬರುತ್ತಿದ್ದನಂತೆ, ಇಬ್ಬರೂ ಹಳೆಯ ಕವಾಯತಿನ ಸುದ್ದಿ ಹೇಳಿಕೊಂಡು ನಗುತ್ತಿದ್ದರಂತೆ.

'ಮನಿಷ್ಯಾನ್ನ ಜೈಲಿಗೆ ಹಾಕಿ ಅವನ ರೊಟ್ಟೀನೂ ತಿಂತೀ ಏನು?' ಎಂದೆ.

ಫಕೀರಪ್ಪ ತಿನ್ನುವುದನ್ನು ನಿಲ್ಲಿಸಿದ. 'ಚಾವಡ್ಯಾಗ ಊಟಾ ಸೇರವಲ್ದು, ಅಕ್ಕಾ. ಎಲ್ಲಾರೂ ಛಲೋ ಐತಿ ಛಲೋ ಐತಿ ಅಂತಾರ. ಉಪ್ಪಿಲ್ಲದ್ದಕ್ಕೂ ಹಂಗ ಅಂತಾರ.'

'ಬಾಗಲಾ ತಗಸು. ಇವನ್ನ ಬಿಡು.'

ಅವನು ಜೈಲರನನ್ನು ಕರೆದ. ಕರೆದು, ಎಷ್ಟೋ ವರ್ಷಗಳಿಂದ ಬಳಸದ ಮಾತನ್ನು ನೆನಪು ಮಾಡಿಕೊಂಡವನ ಹಾಗೆ, 'ದಯವಿಟ್ಟು ಈ ಬಾಗಲಾ ತಗದ್ರ ಛಲೋ ಇತ್ತು' ಎಂದ.

ಜೈಲರ ಮಂಡಿಯೂರಿ, ಬಹಳ ನಮ್ರತೆಯಿಂದ, 'ವಿನಂತೀ ಆದ್ರ ವಿಚಾರ ಮಾಡ್ತೀನ್ರಿ' ಎಂದ. 'ಹಾಕಿದ್ದು ಡಂಗುರದ ಹುಕುಮಿನ ಮ್ಯಾಲ. ಬಿಡೂದಾದ್ರೂ ಡಂಗುರದ ಹುಕುಂ ಆಗಬೇಕಲ್ರಿ, ಊರ ಮುಂದ.'

ಊರ ಮುಂದಿನ ಹುಕುಂ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆರೆಯ ದಂಡೆಯ ಹುಕುಮಿಗೆ ಒಂದು ಗೇಣು ಹೋಗಿತ್ತು. ಮೊಣಕಾಲೆತ್ತರದ ಮನುಷ್ಯನಲ್ಲಿ ಒಂದು ಗೇಣು ತೆಗೆದರೆ ಏನು ಉಳಿಯುತ್ತದೋ, ಉಳಿದದ್ದು ಉಸಿರಾಡುತ್ತದೋ ಇಲ್ಲವೋ, ಯಾರು ಕಂಡಿದ್ದಾರೆ? ಫಕೀರಪ್ಪ ತನ್ನ ಕೈಗಳನ್ನು ನೋಡಿಕೊಂಡ. ಹಲ್ಲಿ ಕಂಡಾಗಿನ ಅದೇ ನಡುಕ ಅವನ ಬೆರಳುಗಳಲ್ಲಿತ್ತು.

'ನಾ ಇಲ್ಲೇ ಆರಾಮ ಇದ್ದೀನ್ರಿ, ಸಾಹೇಬ್ರ' ಎಂದ ಯಮನಪ್ಪ. 'ರೊಟ್ಟಿ ಬರ್ತೈತಿ. ನೀವು ಬರ್ತೀರಿ. ಇನ್ನೇನ್ ಬೇಕು?'

ಆ ಮಾತು ಕೇಳಿ ಫಕೀರಪ್ಪ ಅತ್ತುಬಿಟ್ಟ. ಅತ್ತು, ಮೂಗು ಒರೆಸಿಕೊಂಡು, ಸರಳಿನಿಂದ ಹೊರಗೆ ನುಸುಳಿ ನನ್ನ ಸೀರೆಯ ಅಂಚು ಹಿಡಿದ. 'ಅಕ್ಕಾ, ಎತ್ಕೋತೀಯೇನು? ಚಾವಡೀ ತನಕಾ. ನಡಕೋತ ಹ್ವಾದ್ರ ಹೊತ್ತಾಗ್ತೈತಿ, ಮನಸ್ಸು ತಿರಗತೈತಿ.'

ಎತ್ತಿಕೊಂಡೆ. ಚಾವಡಿಯ ಕಟ್ಟೆಯ ಮೇಲೆ ಡಂಗುರ ಬಾರಿಸಿದರು, ಜನ ಸೇರಿದರು. ನನ್ನ ಎರಡೂ ಕೈಯಲ್ಲಿ ಅವನು ಎದ್ದು ನಿಂತ. ಅವನ ಮೈ ಚಿಕ್ಕದಾಗಿತ್ತೇ ಹೊರತು ದನಿ ಹಾಗೇ ಇತ್ತು.

'ಸೆರಿಮನೀ ಬಾಗಲಾ ತಗೀರಿ. ಎಲ್ಲಾರನ್ನೂ ಬಿಡ್ರಿ. ಮೀಸಿ ನಿಮ್ಮ ಮನಸ್ಸು ಬಂದಂಗ ಬಿಟ್ಕೊಳ್ರಿ. ಕಹಳಿ ಊದಿದ್ರ ನಿಂದರಬ್ಯಾಡ್ರಿ. ನನ್ನ ಮುಂದ ಮಣಕಾಲಿನ ಮ್ಯಾಲ ನಡೀಬ್ಯಾಡ್ರಿ. ಇದು ನನ್ನ ಹುಕುಂ, ಇನ್ನ ಮುಂದ ನಂದೊಂದೂ ಹುಕುಂ ಇಲ್ಲ.'

ಜನ ಸಂತೋಷದಿಂದ ಪಾಲಿಸಿದರು. ಸೆರೆಮನೆಯ ಬಾಗಿಲು ತೆರೆದ ಸದ್ದು ಅಲ್ಲಿಗೇ ಕೇಳಿಸಿತು. ಅಧಿಕಾರಿಗಳು ಒಬ್ಬೊಬ್ಬರಾಗಿ ಮಂಡಿಯ ಮೇಲಿಂದ ಎದ್ದು ನಿಂತರು. ನನ್ನ ಕೈಯಲ್ಲಿ ಅವನು ಹಗುರಾಗುತ್ತಾ ಹೋದ. ನಾನು ಕಣ್ಣು ಮುಚ್ಚಿಕೊಂಡು, ದೇವರೇ ಸ್ವಲ್ಪ ಉಳಿಸು ಎಂದು ಬೇಡಿಕೊಂಡೆ. ಕಣ್ಣು ತೆರೆದಾಗ ಚಂಬಿನಷ್ಟು ಎತ್ತರ ಉಳಿದಿದ್ದ, ಉಸಿರಾಡುತ್ತಿದ್ದ. ಅಂಗಿಯ ಹೊರಗೆ ತಲೆ ಹಾಕಲು ದಾರಿ ಹುಡುಕುತ್ತಾ ಒಳಗಿನಿಂದಲೇ ಬಯ್ಯುತ್ತಿದ್ದ.

ಯಮನಪ್ಪನನ್ನೇ ಮುಖ್ಯಸ್ಥನನ್ನಾಗಿ ಮಾಡಬೇಕೆಂದು ಜನ ಕೂಗಿದರು. ಅವನು ಒಲ್ಲೆನೆಂದ. ಆಗ ಫಕೀರಪ್ಪ ಯಮನಪ್ಪನ ಹೆಗಲ ಮೇಲೆ ಕೂತು ಒಂದು ಮಾತು ಹೇಳಿದ, ಹುಕುಂ ಅಲ್ಲ, ಬರೀ ಮಾತು. ಯಾರೇ ಮುಖ್ಯಸ್ಥರಾಗಲಿ, ಒಂದು ಗೇಣು ಕಳೆದುಕೊಳ್ಳುವ ತನಕ ಆಳಲಿ. ಗೇಣು ಮುಗಿದ ದಿನ ಮನೆಗೆ ಹೋಗಲಿ. ಒಪ್ಪುವವರು ಕೈ ಎತ್ತಿದರೆ ಒಳ್ಳೆಯದಿತ್ತು ಎಂದ. ಸಂತೆಯಲ್ಲಿದ್ದವರೆಲ್ಲ ಕೈ ಎತ್ತಿದರು. ಹೆಂಗಸರೂ ಎತ್ತಿದೆವು. ಅದು ಎಲ್ಲರೂ ಸೇರಿ ಎಲ್ಲರಿಗೂ ಮಾಡಿಕೊಂಡ ಹುಕುಂ ಆದದ್ದರಿಂದಲೋ ಏನೋ, ಅವತ್ತು ಸಂಜೆ ಮನೆಗೆ ಹೋಗುವಾಗ ಊರಿನ ಎಲ್ಲ ಧೋತರಗಳ ಅಂಚಿಗೂ, ಎಲ್ಲ ಸೀರೆಗಳ ಅಂಚಿಗೂ ತುಸು ತುಸು ಧೂಳು ಹತ್ತಿತ್ತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಗೇಣಿನ ಕಾಯಿದೆ ಈಗಲೂ ಇದೆ. ಅವನು ಮಾಡಿದ ಅಷ್ಟೂ ಕಾಯಿದೆಗಳಲ್ಲಿ ಅವನ ಹುಕುಮಿಲ್ಲದೆ ಆದದ್ದು ಅದೊಂದೇ, ಉಳಿದದ್ದೂ ಅದೊಂದೇ.

ಆಮೇಲಿನ ವರ್ಷಗಳನ್ನು ಫಕೀರಪ್ಪ ನನ್ನ ಖಾನಾವಳಿಯ ಗಲ್ಲಾಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ಕಳೆದ. ಹೊಸ ಮುಖ್ಯಸ್ಥರು ಸಲಹೆ ಕೇಳಲು ಬರುತ್ತಿದ್ದರು, ಬಂದವರು ನನ್ನ ಒಲೆಯ ಬಿಸಿಗೆ ಬೆವರುತ್ತಾ ಕೂತು ಕೇಳಿಸಿಕೊಂಡು ಹೋಗುತ್ತಿದ್ದರು. ಹೊರಗಿನ ಊರುಗಳವರೂ ಜಗಳ ತೀರಿಸಿಕೊಳ್ಳಲು ಅವನ ಹತ್ತಿರ ಬಂದರು. ಎರಡು ಊರುಗಳ ನಡುವಿನ ನದಿಯ ನೀರಿನ ಜಗಳವನ್ನು ಅವನು ಆ ಗೂಡಿನಲ್ಲಿ ಕೂತೇ ಬಗೆಹರಿಸಿದ. ಅದನ್ನು ಮುತ್ಸದ್ದಿತನ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ನನಗೆ ಕಂಡಂತೆ, ಇಬ್ಬರಿಗೂ ಹೊಟ್ಟೆ ತುಂಬ ಉಣಬಡಿಸುವ ತನಕ ಮಾತು ಶುರು ಮಾಡಲು ಅವನು ಬಿಡಲಿಲ್ಲ, ಅಷ್ಟೇ. ಬಿಡುವಿದ್ದಾಗ ಗಿರಾಕಿಗಳಿಗೆ ಕ್ರಾಂತಿಯ ಕಥೆ ಹೇಳುತ್ತಿದ್ದ. ಪ್ರತಿ ಸಲವೂ ಅದರಲ್ಲಿ ಭಾಷಣ ಸ್ವಲ್ಪ ಬೆಳೆಯುತ್ತಿತ್ತು. ಯಮನಪ್ಪ ಎದುರಿಗೆ ಕೂತು, ಎಲ್ಲವನ್ನೂ ಹೊಸದಾಗಿ ಕೇಳುವವನ ಹಾಗೆ ತಲೆದೂಗುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ ಗೂಡಿನಿಂದ ಬೈಗುಳ ಕೇಳಿಸಲಿಲ್ಲ. ನೋಡಿದರೆ ಹೋಗಿದ್ದ.

ಚಾವಡಿಯವರು ಬಂದು ತೋಪಿನ ಗಾಡಿ, ಬ್ಯಾಂಡು, ಇಪ್ಪತ್ತೊಂದು ಕುಶಾಲತೋಪು ಎಂದರು. ನಾನು ಬೇಡ ಎಂದೆ. ನಾಲ್ಕು ಜನ ಹೊರಬೇಕೆಂಬುದು ಪದ್ಧತಿ. ಆದರೆ ಅಷ್ಟು ಸಣ್ಣ ಮನುಷ್ಯನಿಗೆ ನಾಲ್ಕು ಜನ ಹೆಗಲು ಕೊಡುವುದು ಹೇಗೆ? ಯಾರು ಮೊದಲು ಹಾಗೆ ಮಾಡಿದರೋ ಗೊತ್ತಿಲ್ಲ, ಜನ ತಾವೇ ಖಾನಾವಳಿಯಿಂದ ರುದ್ರಭೂಮಿಯ ತನಕ ರಸ್ತೆಯ ಉದ್ದಕ್ಕೂ ಸಾಲಾಗಿ ನಿಂತರು. ನಾನು ಅವನನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಮೊದಲನೆಯವರ ಕೈಯಲ್ಲಿಟ್ಟೆ. ಅವರು ಮುಂದಿನವರ ಕೈಗೆ ಕೊಟ್ಟರು. ನೇಕಾರರ ಕೈ, ಕುಂಬಾರರ ಕೈ, ಸಿಪಾಯಿಗಳ ಕೈ, ಮೀಸೆಗಾಗಿ ಸೆರೆಮನೆ ಕಂಡವರ ಕೈ, ಹೀಗೆ ಅವನು ಒಂದೊಂದೇ ಕೈ ದಾಟಿ ಊರೆಲ್ಲ ಹಾದು ಹೋದ. ಕೆಲವರು ಕೈಗೆ ಬಂದಾಗ ಅತ್ತರು, ಒಂದಿಬ್ಬರು ಮೆತ್ತಗೆ ಬೈದದ್ದೂ ಕೇಳಿಸಿತು. ಎರಡೂ ನ್ಯಾಯವೇ.

ಸಾಲಿನ ಕೊನೆಯಲ್ಲಿ, ತೋಡಿದ ಕುಣಿಯ ಪಕ್ಕದಲ್ಲಿ, ಯಮನಪ್ಪ ನಿಂತಿದ್ದ. ಎರಡೂ ಅಂಗೈ ಚಾಚಿ ಇಸಿದುಕೊಂಡ. ಇಸಿದುಕೊಂಡವನು ಹಾಗೇ ನಿಂತ. ಬಿಸಿಲು ನೆತ್ತಿಗೆ ಬಂತು, ಕುಣಿಯ ಮಣ್ಣು ಒಣಗಿ ಬಣ್ಣ ತಿರುಗಿತು. ಊರಿಗೆ ಊರೇ ಅಲ್ಲಿ ನೆರೆದಿತ್ತು. ಇನ್ನು ಕೆಳಗಿಡು ಯಮನಪ್ಪ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವನಾಗಿ ಬಗ್ಗುವ ತನಕ ನಾವೆಲ್ಲ ನಿಂತು ಕಾಯ್ದೆವು.